ಮೂವತ್ತು ಜೈವಿಕ ಆಘಾತ ಸೂಚಕಗಳು

ಪಂಚಾಕ್ಷರಯ್ಯನವರು ಅರವತ್ತು ವರ್ಷ ಮೊಟ್ಟೆ ಮುಟ್ಟದೆ ಬದುಕಿದವರು. ನಿವೃತ್ತಿಗೆ ಇನ್ನು ಇಪ್ಪತ್ತಾರೇ ದಿನ ಇರುವಾಗ, ಸರ್ಕಾರಿ ಕಾಗದಕ್ಕೆ ರುಜು ಹಾಕಿ, ಮೂವತ್ತೈದು ಮೊಟ್ಟೆಗಳನ್ನು ಎಣಿಸಿ ವಶಕ್ಕೆ ತೆಗೆದುಕೊಳ್ಳಬೇಕಾಗಿ ಬಂತು. ಇದು ಹೇಗಾಯಿತೆಂದು ತಿಳಿಯಬೇಕಾದರೆ ಕಥೆಯನ್ನು ಅಂಟುಚೀಟಿಗಳಿಂದ ಶುರುಮಾಡಬೇಕು.

ಸಿ.ವಿ. ರಾಮನ್ ನಗರದ ಒಳರಸ್ತೆಯೊಂದರಲ್ಲಿ, ಹೊರಗಿನಿಂದ ನೋಡಿದರೆ ಕಲ್ಯಾಣಮಂಟಪವೋ ಗೋದಾಮೋ ತಿಳಿಯದ ಕಟ್ಟಡದಲ್ಲಿ ಖಗೋಳ ಉಪಕರಣ ಕೇಂದ್ರವಿದೆ. ಅಲ್ಲಿನ ಮುಖ್ಯ ಎಂಜಿನಿಯರಾದ ಪಂಚಾಕ್ಷರಯ್ಯನವರು ಹನ್ನೊಂದು ವರ್ಷ ಒಂದೇ ಯಂತ್ರದ ಹಿಂದೆ ಬಿದ್ದಿದ್ದರು. ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಆ ನಕ್ಷತ್ರ ಏನೇನು ಸೇರಿ ಆಗಿದೆಯೆಂದು ಹೇಳುವ ಯಂತ್ರ ಅದು. ಮೂರು ಕನ್ನಡಿ, ಒಂಬತ್ತು ಮಸೂರ, ಒಂದು ದೊಡ್ಡ ಗಾಜಿನ ಪಟ್ಟಕ. ಇವುಗಳಲ್ಲಿ ಯಾವುದೊಂದು ಕೂದಲೆಳೆಯಷ್ಟು ಸರಿದರೂ ಹನ್ನೊಂದು ವರ್ಷ ನೀರಿನಲ್ಲಿ ಹೋಮ. ಯಂತ್ರ ಹೋಗಬೇಕಾದದ್ದು ಲಡಾಖಿನ ಒಂದು ಶಿಖರದ ಮೇಲಿದ್ದ ದೂರದರ್ಶಕಕ್ಕೆ. ನವೆಂಬರ್ ಮೊದಲ ವಾರ ಹಿಮ ಬಿದ್ದು ದಾರಿ ಮುಚ್ಚಿದರೆ ಮತ್ತೆ ಲಾರಿ ಹತ್ತುವುದು ಜೂನ್‌ನಲ್ಲಿ. ಪಂಚಾಕ್ಷರಯ್ಯನವರು ನಿವೃತ್ತರಾಗುವುದು ಅಕ್ಟೋಬರ್ ಮೂವತ್ತೊಂದಕ್ಕೆ.

ಅಷ್ಟರೊಳಗೆ ಯಂತ್ರದ ಪೆಟ್ಟಿಗೆ ಶಿಖರದ ಮೇಲೆ ತೆರೆಯಬೇಕು, ಇಷ್ಟೇ ಅವರ ಆಸೆ. ಆಸೆಗಿಂತ ಹೆಚ್ಚಾಗಿ ಅದು ಭಯ. ಅವರಿಗಿಂತ ಹಿಂದಿನ ಮುಖ್ಯ ಎಂಜಿನಿಯರು ಇದೇ ರೀತಿ ಜೀವ ತೇಯ್ದು ಕಟ್ಟಿದ ಕ್ಯಾಮೆರಾವೊಂದು, ಅವರು ನಿವೃತ್ತರಾದ ವರ್ಷ ಪೆಟ್ಟಿಗೆ ಸೇರಿ ಉಗ್ರಾಣದ ಮೆಟ್ಟಿಲ ಕೆಳಗೆ ಕೂತದ್ದು ಇವತ್ತಿಗೂ ಅಲ್ಲೇ ಇದೆ. ಸ್ಕೂಟರಿನಲ್ಲಿ ಬರುವವರು ಅದರ ಮೇಲೆ ಹೆಲ್ಮೆಟ್ ಇಡುತ್ತಾರೆ. ಪಂಚಾಕ್ಷರಯ್ಯನವರು ದಿನಾ ಆ ಪೆಟ್ಟಿಗೆಯ ಪಕ್ಕದಲ್ಲೇ ಹಾದುಹೋಗಬೇಕಿತ್ತು.

ಇನ್ನು ಅಂಟುಚೀಟಿ. ಗಾಜಿನ ಸಾಮಾನು ಸಾಗಿಸುವ ಪೆಟ್ಟಿಗೆಗೆ ಒಂದು ಬಗೆಯ ಚೀಟಿ ಅಂಟಿಸುತ್ತಾರೆ. ಪೆಟ್ಟಿಗೆಗೆ ಜೋರಾಗಿ ಪೆಟ್ಟುಬಿದ್ದರೆ ಚೀಟಿಯೊಳಗಿನ ಕೊಳವೆ ಕೆಂಪಾಗುತ್ತದೆ, ಒಮ್ಮೆ ಕೆಂಪಾದರೆ ಮುಗಿಯಿತು, ಮತ್ತೆ ಬಿಳಿಯಾಗುವುದಿಲ್ಲ. ಅಂಥ ಇಪ್ಪತ್ತನಾಲ್ಕು ಚೀಟಿಗಳನ್ನು ಪರದೇಶದಿಂದ ತರಿಸಲಾಗಿತ್ತು. ಅವು ಮೊದಲು ಹೋದದ್ದು ಉಗ್ರಾಣಾಧಿಕಾರಿ ಶ್ರೀನಿವಾಸ್ ಅವರ ಮೇಜಿಗೆ. ಬಂದ ಸಾಮಾನೆಲ್ಲ ಕೆಲಸ ಮಾಡುತ್ತದೆಯೇ ಎಂದು ಒಂದೊಂದಾಗಿ ಪರೀಕ್ಷಿಸದೆ ಒಳಗೆ ಬಿಡಬಾರದೆಂಬುದು ಕೇಂದ್ರದ ನಿಯಮ. ಶ್ರೀನಿವಾಸ್ ನಿಯಮಕ್ಕೆ ಚ್ಯುತಿ ಬರಗೊಡುವ ಆಸಾಮಿಯಲ್ಲ. ಬಾಗಿಲು ಹಾಕಿಕೊಂಡು, ಒಂದೊಂದೇ ಚೀಟಿಯನ್ನು ಮೇಜಿಗೆ ಕುಟ್ಟಿ, ಇಪ್ಪತ್ತನಾಲ್ಕೂ ಕೆಂಪಾದ ಮೇಲೆ ಸಂತೋಷದಿಂದ ಬರೆದರು: ಪರೀಕ್ಷಿಸಿದ್ದು ಇಪ್ಪತ್ತನಾಲ್ಕು, ಸರಿಯಾಗಿ ಕೆಲಸ ಮಾಡುತ್ತಿರುವುದು ಇಪ್ಪತ್ತನಾಲ್ಕು, ಸ್ವೀಕರಿಸಬಹುದು.

ಪಂಚಾಕ್ಷರಯ್ಯನವರು ಆ ಕೆಂಪು ಚೀಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಬೈದು ಪ್ರಯೋಜನವಿರಲಿಲ್ಲ, ಏಕೆಂದರೆ ಶ್ರೀನಿವಾಸ್ ಹೊಗಳಿಕೆಗಾಗಿ ಕಾಯುತ್ತಿದ್ದರು. ಹೊಸ ಚೀಟಿ ಬರಲು ಏಳು ವಾರ. ಚೀಟಿಯಿಲ್ಲದೆ ಪೆಟ್ಟಿಗೆ ಗೇಟು ದಾಟುವಂತಿಲ್ಲವೆಂದು ಸಾಗಣೆ ಸಮಿತಿ ಅಂದೇ ಸಂಜೆ ತೀರ್ಮಾನಿಸಿತು. ಆ ಸಮಿತಿ ಸಾಮಾನ್ಯವಾಗಿ ಒಂದು ತೀರ್ಮಾನಕ್ಕೆ ಮೂರು ತಿಂಗಳು ತೆಗೆದುಕೊಳ್ಳುತ್ತದೆ, ಬೇಡವೆನ್ನುವುದಾದರೆ ಮಾತ್ರ ಚುರುಕು.

ಪೆಟ್ಟಿಗೆ ಮಾಡುತ್ತಿದ್ದವನು ಶಿವಾಜಿನಗರದ ಮುನೀರ್. ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಅವನ ಅಜ್ಜನ ಕಾಲದಿಂದ ತೂಗುದೀಪ, ನಿಲುವುಗನ್ನಡಿ, ಗಾಜಿನ ಸಾಮಾನು ಕಟ್ಟಿ ಊರೂರಿಗೆ ಕಳಿಸುವ ಕಸುಬು. ಟೆಂಡರಿನಲ್ಲಿ ಈ ಸಲ ಕೆಲಸ ಬಲ್ಲವನೇ ಸಿಕ್ಕಿದ್ದ. ಅದರಲ್ಲಿ ಸಮಿತಿಯ ತಪ್ಪೇನೂ ಇಲ್ಲ, ಆಕಸ್ಮಿಕ. ಚೀಟಿಯ ಕಥೆ ಕೇಳಿ ಅವನು ಗಡ್ಡ ಸವರಿಕೊಂಡು ಕೂತ, ಆಮೇಲೆ ತಮ್ಮ ಅಂಗಡಿಯ ಪದ್ಧತಿ ಹೇಳಿದ.

"ನಾವು ಹೈದರಾಬಾದ್‌ಗೆ ಝೂಮರ್, ಅದೇ ತೂಗುದೀಪ, ಕಳಿಸ್ತೀವಲ್ಲ ಸಾರ್, ಪೆಟ್ಟಿಗೆ ಕೆಳಗೆ ಒಂದು ಟ್ರೇ ಮೊಟ್ಟೆ ಇಡ್ತೀವಿ. ಮೊಟ್ಟೆ ಒಡೀದೆ ಸಾಬೂತಾಗಿದ್ರೆ ಮಾಲೂ ಸಾಬೂತು. ಒಡೀದೆ ತಂದ್ರೆ ಮೂವತ್ತೂ ಡ್ರೈವರ್‌ದೇ. ಮತ್ತೆ ಅವನು ಹಳ್ಳ ನೋಡಿ ಓಡಿಸ್ತಾನೋ ಇಲ್ವೋ ನೀವೇ ಹೇಳಿ."

ಹನ್ನೊಂದು ವರ್ಷದಲ್ಲಿ ಕೇಂದ್ರದ ಯಾವ ಸಭೆಯಲ್ಲೂ ಇಷ್ಟು ಬುದ್ಧಿವಂತಿಕೆಯ ಮಾತನ್ನು ಪಂಚಾಕ್ಷರಯ್ಯನವರು ಕೇಳಿರಲಿಲ್ಲ. ಆದರೆ ಸಮಿತಿಯ ಮುಂದೆ ಮೊಟ್ಟೆ ಎನ್ನುವುದು ಹೇಗೆ? ದಾರಿ ತೋರಿಸಿದವಳು ನಿರ್ದೇಶಕರ ಆಪ್ತ ಕಾರ್ಯದರ್ಶಿ ಭವ್ಯ. ನಿರ್ದೇಶಕರು ಓದುವುದು ಶೀರ್ಷಿಕೆ ಮಾತ್ರವೆಂಬ ರಹಸ್ಯ ಆ ಕಟ್ಟಡದಲ್ಲಿ ಅವಳೊಬ್ಬಳಿಗೇ ಪೂರ್ತಿ ಗೊತ್ತಿತ್ತು. ಅವಳು ಕಡತದ ಮೇಲೆ ಟೈಪ್ ಮಾಡಿದಳು: ಜೈವಿಕ ಆಘಾತ ಸೂಚಕ, ಮೂವತ್ತು.

ನಿರ್ದೇಶಕರು ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿದರು, ಇದು ಸ್ವದೇಶಿಯೋ ಎಂದು. ಹೌದು, ಹೊಸಕೋಟೆ ಕಡೆಯದು ಎಂದರು ಪಂಚಾಕ್ಷರಯ್ಯ. ನಿರ್ದೇಶಕರಿಗೆ ಪರಮಾನಂದವಾಯಿತು. ಶ್ರೀನಿವಾಸ್ ಮಾತ್ರ ಮೂವತ್ತನ್ನೂ ಪರೀಕ್ಷಿಸದೆ ಬಿಡುವುದಿಲ್ಲವೆಂದು ಪಟ್ಟುಹಿಡಿದರು. ಕೈಕಾಲು ಹಿಡಿಯುವುದೊಂದು ಬಾಕಿ ಉಳಿದು, ಕೊನೆಗೆ ಐದನ್ನು ಹೆಚ್ಚಿಗೆ ತರಿಸಿ ಮಾದರಿಗಾಗಿ ಪರೀಕ್ಷಿಸುವುದೆಂದು ರಾಜಿಯಾಯಿತು. ಮನೆಯಲ್ಲಿ ಈರುಳ್ಳಿಯನ್ನೂ ಹೆಚ್ಚದ ಶ್ರೀನಿವಾಸ್, ಕರವಸ್ತ್ರದಲ್ಲಿ ಒಂದೊಂದೇ ಮೊಟ್ಟೆ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ ಮೇಜಿಗೆ ಕುಟ್ಟಿದರು. ಐದೂ ಸರಿಯಾಗಿ ಕೆಲಸ ಮಾಡುತ್ತಿದ್ದವು. ಅಂಗೀಕಾರ ಪತ್ರಕ್ಕೆ ಅವರು ಎಂದಿನಂತೆ ಒಂದು ನಿಬಂಧನೆಯನ್ನೂ ಸೇರಿಸಿದರು: ತಲುಪಿದ ಕೂಡಲೇ ಸೂಚಕಗಳನ್ನು ನೋಡುವುದು, ಅವು ಕೆಟ್ಟಿದ್ದರೆ ಪೆಟ್ಟಿಗೆ ತೆರೆಯದೆ ಬಂದ ಹಾಗೆಯೇ ವಾಪಸು ಕಳಿಸುವುದು. ಯಾವ ಹಳೆಯ ಕಡತದಿಂದ ಅದನ್ನು ಎತ್ತಿದರೋ, ಯಾರೂ ಗಮನಿಸಲಿಲ್ಲ.

ಮುನೀರ್ ಕಟ್ಟಿದ ಪೆಟ್ಟಿಗೆ ನೋಡಲು ಚೆನ್ನಾಗಿತ್ತು. ಒಳಗೆ ಸ್ಪ್ರಿಂಗು, ಲಾರಿ ಟ್ಯೂಬು, ಹತ್ತಿಯ ದಿಂಡು, ಇವುಗಳ ನಡುವೆ ಯಂತ್ರ ತೊಟ್ಟಿಲಲ್ಲಿ ಮಲಗಿದ ಹಾಗಿತ್ತು. ಕೆಳಗೆ ಮೊಟ್ಟೆಯ ಟ್ರೇಗೆಂದು ಒಂದು ಡ್ರಾಯರು, ಅದರ ಮುಂಭಾಗಕ್ಕೆ ಶ್ರೀನಿವಾಸ್ ಅರಗಿನ ಮುದ್ರೆ ಒತ್ತಿದರು. ಹಿಂಭಾಗದಲ್ಲಿ ಒಂದು ಹಲಗೆ ಸರಿಯುವಂತಿತ್ತು. ಅದನ್ನು ಮುನೀರ್ ಸಮಿತಿಗೆ ಹೇಳಿರಲಿಲ್ಲ, ಡ್ರೈವರ್ ವಕಾರ್‌ಗೆ ಹೇಳಿದ್ದ. ತನ್ನದಾಗಲಿರುವ ಮೊಟ್ಟೆಗಳನ್ನು ದಿನಕ್ಕೊಮ್ಮೆ ನೋಡಿಕೊಳ್ಳುವುದು ಡ್ರೈವರನ ಹಕ್ಕೆಂಬುದು ಆ ಗಲ್ಲಿಯ ನ್ಯಾಯ. ಅಕ್ಟೋಬರ್ ಏಳರ ಬೆಳಿಗ್ಗೆ ಕೆ.ಆರ್. ಪುರದ ವಕಾರ್ ಲಾರಿ ಹೊರಡಿಸಿದ. ಶಿಖರದಲ್ಲಿ ಪೆಟ್ಟಿಗೆ ಇಳಿಸಿಕೊಂಡು ಯಂತ್ರವನ್ನು ಜೋಡಿಸಲು ಕಿರಿಯ ಎಂಜಿನಿಯರ್ ಗೌತಮಿ ವಿಮಾನದಲ್ಲಿ ಮೊದಲೇ ಹೋಗಿದ್ದಳು.

ಹದಿನೆಂಟಕ್ಕೆ ಅವಳ ಫೋನು ಬಂತು. ಲಾರಿ ಬಂದಿದೆ, ಡ್ರಾಯರ್ ತೆರೆದಿದ್ದಾರೆ, ಮೂವತ್ತಕ್ಕೆ ಮೂವತ್ತೂ ಬಿರುಕು ಬಿಟ್ಟಿವೆ. ಅವಳು ಅಳುತ್ತಿದ್ದಳು. ಪಂಚಾಕ್ಷರಯ್ಯನವರು ಮೂವತ್ತರಲ್ಲಿ ಒಂದಾದರೂ ಉಳಿದಿದೆಯೇ ಎಂದು ಮೂರು ಸಲ ಕೇಳಿದರು.

ಇಪ್ಪತ್ತೊಂದರಂದು ಸಮಿತಿ ಸೇರಿ ಹತ್ತು ನಿಮಿಷದಲ್ಲಿ ಮುಗಿಸಿತು. ಸೂಚಕಗಳು ನೂರಕ್ಕೆ ನೂರು ವಿಫಲವಾದ್ದರಿಂದ ಉಪಕರಣಕ್ಕೆ ಹಾನಿಯಾಗಿದೆಯೆಂದು ಭಾವಿಸಿ, ಮುಚ್ಚಿದ ಪೆಟ್ಟಿಗೆಯನ್ನು ಅದೇ ಲಾರಿಯಲ್ಲಿ ನವೆಂಬರ್ ಒಂದರಂದು ವಾಪಸು ತರಿಸುವುದು. ವಾಪಸು ಬಂದ ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ. ಮೆಟ್ಟಿಲ ಕೆಳಗೆ ಇನ್ನೊಂದಕ್ಕೆ ಜಾಗವಿತ್ತು.

ಮುನೀರ್‌ಗೆ ಸುದ್ದಿ ಮುಟ್ಟಿಸುವುದೇ ಕಷ್ಟವಾಯಿತು. ಅವನು ನಂಬಲಿಲ್ಲ. ನಲವತ್ತು ವರ್ಷದಲ್ಲಿ ಒಂದೆರಡು ಒಡೆದದ್ದಿರಬಹುದು, ಮೂವತ್ತೂ ಒಟ್ಟಿಗೆ ಒಡೆಯಬೇಕಾದರೆ ಲಾರಿಯೇ ಕಣಿವೆಗೆ ಬೀಳಬೇಕು ಎಂದ. ಅಂಗಡಿಯ ಮಾನ ಹೋಯಿತೆಂದು ಹಲುಬಿದ. ಅವನೇ ವಕಾರ್‌ಗೆ ಫೋನು ಹಚ್ಚಿ ಪಂಚಾಕ್ಷರಯ್ಯನವರ ಕೈಗೆ ಕೊಟ್ಟ. ವಕಾರ್ ಮೊದಲು ಹಿಂದೆಮುಂದೆ ನೋಡಿದ, ಆಮೇಲೆ ಹಲಗೆಯ ವಿಷಯ ಬಾಯಿಬಿಟ್ಟ.

"ಮನಾಲಿ ದಾಟಿ ಹೋದಾಗ್ಲೂ ಮೂವತ್ತೂ ಸರಿಯಾಗಿತ್ತು ಸಾರ್, ಕಣ್ಣಾರೆ ನೋಡಿದೀನಿ. ಆಮೇಲೆ ಮೇಲ್ಗಡೆ ಒಂದು ಕಡೆ ಗಾಡಿ ನಿಲ್ಸಿ ಮಲಗಿದ್ವಿ, ಚಳಿ ಅಂದ್ರೆ ಡೀಸೆಲ್ಲೇ ಹೆಪ್ಪುಗಟ್ಟೋ ಚಳಿ. ಬೆಳಿಗ್ಗೆ ನೋಡಿದ್ರೆ ಎಲ್ಲಾ ಬಿರುಕು. ಗಾಡಿ ಅಲ್ಲಾಡೇ ಇಲ್ಲ ಸಾರ್, ನಿಂತಿತ್ತು."

ಪಂಚಾಕ್ಷರಯ್ಯನವರು ಫೋನು ಹಿಡಿದುಕೊಂಡೇ ಹಣೆ ಚಚ್ಚಿಕೊಂಡರು. ಯಂತ್ರದ ಒಂದೊಂದು ಮೊಳೆಯನ್ನೂ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿಟ್ಟು ಪರೀಕ್ಷಿಸಿದವರು ಅವರು. ಪರೀಕ್ಷಿಸದೆ ಉಳಿದದ್ದು ಮೊಟ್ಟೆಯೊಂದೇ. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆಂದು ಏಳನೇ ಕ್ಲಾಸಿನ ಮಕ್ಕಳಿಗೂ ಗೊತ್ತು, ಆದರೆ ಮೊಟ್ಟೆಯೊಳಗೆ ಇರುವುದೂ ಬಹುಪಾಲು ನೀರೇ ಎಂಬುದು ಸಮಿತಿಯ ಒಂಬತ್ತು ಮಂದಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಒಂಬತ್ತೂ ಮಂದಿ ಶುದ್ಧ ಸಸ್ಯಾಹಾರಿಗಳು. ಮೊಟ್ಟೆ ತಿನ್ನುವ ಮುನೀರ್‌ಗೆ ಹಿಮ ಗೊತ್ತಿರಲಿಲ್ಲ. ಹಿಮ ಗೊತ್ತಿದ್ದ ವಿಜ್ಞಾನಿಗಳಿಗೆ ಮೊಟ್ಟೆ ಗೊತ್ತಿರಲಿಲ್ಲ.

ವಕಾರ್‌ನ ಸಾಕ್ಷಿಯನ್ನು ಸಮಿತಿಯ ಮುಂದೆ ಇಡುವಂತಿರಲಿಲ್ಲ. ಅರಗಿನ ಮುದ್ರೆಯ ಹಿಂದಿನಿಂದ ಇಣುಕಿದವನ ಮಾತನ್ನು ಒಪ್ಪುವುದಿರಲಿ, ಅವನ ಮೇಲೆ ಕೇಸೇ ಹಾಕುತ್ತಿದ್ದರು. ಹಾಗಾಗಿ ತಾವೇ ಪರೀಕ್ಷಿಸಿ ತೋರಿಸಲು ಪಂಚಾಕ್ಷರಯ್ಯನವರು ಮರುದಿನ ಸಂಜೆ ಮೊಟ್ಟೆ ಕೊಳ್ಳಲೆಂದು ಮರ್ಫಿ ಟೌನ್‌ಗೆ ಹೋದರು. ಮನೆಯಿರುವ ಹೊರಮಾವಿನಲ್ಲಿ ಅಂಗಡಿಗಳಿಗೆ ಬರವಿರಲಿಲ್ಲ. ಆದರೆ ಅಲ್ಲಿ ಅಪಾರ್ಟ್‌ಮೆಂಟಿನ ಬಸವ ಬಳಗದವರು ಯಾವ ತಿರುವಿನಲ್ಲಿ ಎದುರಾಗುತ್ತಾರೋ ಹೇಳುವಂತಿಲ್ಲ. ಕೊರಳಲ್ಲಿ ಲಿಂಗ, ಕೈಯಲ್ಲಿ ಆರು ಮೊಟ್ಟೆಯ ಪೊಟ್ಟಣ. ಊಟದ ಡಬ್ಬಿಯ ಚೀಲದೊಳಗೆ ಪೊಟ್ಟಣ ಇಳಿಸಿ, ಕಳ್ಳನ ಹಾಗೆ ಬಸ್ಸು ಹತ್ತಿದರು.

ಮನೆಯಲ್ಲಿ ಹೆಂಡತಿ ಕಮಲವ್ವ ಎಂದಿನಂತೆ ಡಬ್ಬಿ ತೊಳೆಯಲು ಚೀಲಕ್ಕೆ ಕೈಹಾಕಿದವರು ಥಟ್ಟನೆ ಕೈ ಹಿಂದೆಳೆದುಕೊಂಡರು. ರಾಣೆಬೆನ್ನೂರಿನಿಂದ ಬಂದು ಮೂವತ್ತೆರಡು ವರ್ಷವಾದರೂ ಅವರ ಅಡುಗೆಮನೆಯೊಳಗೆ ಬೆಂಗಳೂರು ಕಾಲಿಟ್ಟಿರಲಿಲ್ಲ. ಗಂಡ ಅಳುಕುತ್ತ ಎಲ್ಲ ಹೇಳಿದರು. ಚೀಟಿ, ಟ್ರೇ, ಹಿಮ, ಸಮಿತಿ, ಮೆಟ್ಟಿಲ ಕೆಳಗಿನ ಪೆಟ್ಟಿಗೆ.

"ಹನ್ನೊಂದು ವರ್ಷದ ದುಡಿತ ಈ ತತ್ತಿ ಮ್ಯಾಲೆ ನಿಂತೈತೇನ್ರಿ?" ಎಂದು ಕಮಲವ್ವ ಕೇಳಿದರು.

"ಹೌದು."

ಕಮಲವ್ವ ಎದ್ದು ಫ್ರೀಜರಿನಲ್ಲಿದ್ದ ಬಟಾಣಿ, ಕಾಯಿತುರಿ, ಐಸ್ ಟ್ರೇ ಎಲ್ಲ ತೆಗೆದು ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಿದರು. ಒಂದು ಹಳೆಯ ಸ್ಟೀಲ್ ಡಬ್ಬಿಯನ್ನು ಗಂಡನ ಮುಂದೆ ನೂಕಿದರು. "ನೀವ ಇಡ್ರಿ. ನಾ ಮುಟ್ಟಂಗಿಲ್ಲ," ಎಂದು ಹೇಳಿ ದೇವರ ಕೋಣೆಗೆ ಹೋದರು.

ಬೆಳಿಗ್ಗೆ ಡಬ್ಬಿ ತೆಗೆದರೆ ಆರಕ್ಕೆ ಆರೂ ಉದ್ದಕ್ಕೆ ಸೀಳಿದ್ದವು. ಯಾರೂ ಮುಟ್ಟಿರಲಿಲ್ಲ, ಯಾರೂ ಅಲ್ಲಾಡಿಸಿರಲಿಲ್ಲ. ಪಂಚಾಕ್ಷರಯ್ಯನವರು ಲುಂಗಿಯಲ್ಲೇ ಅಡುಗೆಮನೆಯ ತುಂಬ ಓಡಾಡಿದರು. ವಿಭೂತಿ ಹಚ್ಚಿಕೊಂಡು ಬಂದ ಕಮಲವ್ವ ದೂರದಿಂದಲೇ ಬಗ್ಗಿ ನೋಡಿ, ಎಲ್ಲಾ ಒಡದಾವು ಎಂದು ಖುಷಿಪಟ್ಟರು. ಮದುವೆಯಾದ ಮೇಲೆ ಒಂದು ವಸ್ತು ಒಡೆದದ್ದಕ್ಕೆ ಆಕೆ ಖುಷಿಪಟ್ಟದ್ದು ಅದೇ ಮೊದಲು.

ಸಮಿತಿ ಫೋಟೋಗಳನ್ನು ನೋಡಿತು. ನಿರ್ದೇಶಕರು ಬಹಳ ಆಸಕ್ತಿಯಿಂದ ನೋಡಿದರು. ಆಮೇಲೆ ಪ್ರಶ್ನೆಗಳು ಶುರುವಾದವು. ಮನೆಯ ಫ್ರಿಜ್ಜಿನ ಉಷ್ಣತೆಯನ್ನು ಅಳೆದು ದೃಢೀಕರಿಸಿದವರು ಯಾರು? ಮರ್ಫಿ ಟೌನ್ ಮೊಟ್ಟೆಯೂ ಹೊಸಕೋಟೆ ಮೊಟ್ಟೆಯೂ ಒಂದೇ ಗುಣದವೇ? ಮುಖ್ಯ ಎಂಜಿನಿಯರರೇ ಪ್ರಯೋಗ ಮಾಡಿ ಮುಖ್ಯ ಎಂಜಿನಿಯರರೇ ಫಲಿತಾಂಶ ಹೇಳಿದರೆ ಅದಕ್ಕೆ ಬೆಲೆಯೇನು? ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಲು ಒಂದು ಅಂಡ ಉಪಸಮಿತಿ ರಚಿಸಿ, ತೊಂಬತ್ತು ದಿನದೊಳಗೆ ವರದಿ ಕೊಡಲು ಹೇಳಿದರು. ಅಲ್ಲಿಯವರೆಗೆ ಪೆಟ್ಟಿಗೆ ವಾಪಸು ತರಿಸುವ ಆದೇಶ ಹಾಗೆಯೇ ಇರತಕ್ಕದ್ದು. ಸಾಕ್ಷ್ಯವಾದ ಆರು ಮೊಟ್ಟೆಗಳು ಇದ್ದಲ್ಲೇ ಸುರಕ್ಷಿತವಾಗಿ ಇರತಕ್ಕದ್ದು.

ಮರುದಿನ ಶನಿವಾರ ಶ್ರೀನಿವಾಸ್ ಸ್ವತಃ ಹೊರಮಾವಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕಮಲವ್ವನ ಫ್ರೀಜರಿನ ಬಾಗಿಲಿಗೆ ಕೇಂದ್ರದ ಮೊಹರಿರುವ ಕಾಗದ ಅಂಟಿಸಿದರು. ಅನುಮತಿಯಿಲ್ಲದೆ ತೆರೆಯುವುದು ಶಿಕ್ಷಾರ್ಹ. ಕಮಲವ್ವ ಅವರಿಗೆ ಉಪ್ಪಿಟ್ಟು, ಚಹಾ ಕೊಟ್ಟರು. ತಿನ್ನುವಾಗ ಶ್ರೀನಿವಾಸ್‌ಗೆ ತಲೆಯೆತ್ತಿ ನೋಡಲು ಆಗಲಿಲ್ಲ. ಹೊರಡುವಾಗ ಬಾಗಿಲ ಬಳಿ ನಿಂತು, ಸಣ್ಣ ದನಿಯಲ್ಲಿ ಹೇಳಿದರು.

"ನಂಗೂ ಗೊತ್ತು ಸಾರ್, ಮೆಷಿನ್‌ಗೆ ಏನೂ ಆಗಿಲ್ಲ. ಆದ್ರೆ ಕಾಗದ ಬೇಕಲ್ಲ. ಸೇಫಾಗಿದೆ ಅಂತ ಡೈರೆಕ್ಟರ್ ಬಾಯಿಂದ ಒಂದು ಮಾತು ಬರ್ಲಿ, ಫೈಲ್ ನಾನೇ ಹೊತ್ಕೊಂಡು ಬರ್ತೀನಿ."

ನಿರ್ದೇಶಕರ ಬಾಯಿಂದ ಒಂದು ಮಾತು. ಪಂಚಾಕ್ಷರಯ್ಯನವರು ಎರಡು ದಿನ ಅವರ ಕೋಣೆಯ ಮುಂದೆ ಕಾದರು. ನಿರ್ದೇಶಕರು ಒಮ್ಮೆ ದೆಹಲಿಯ ಫೋನಿನಲ್ಲಿದ್ದರು, ಒಮ್ಮೆ ದೆಹಲಿಯಲ್ಲೇ ಇದ್ದರು. ಇಪ್ಪತ್ತೆಂಟರಂದು ಭವ್ಯಳೇ ಅವರನ್ನು ಹುಡುಕಿಕೊಂಡು ಬಂದಳು. ಮೂವತ್ತೊಂದಕ್ಕೆ ಬೀಳ್ಕೊಡುಗೆ ಇದೆಯಲ್ಲ, ಡೈರೆಕ್ಟರ್ ಭಾಷಣಕ್ಕೆ ನಿಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು ನೀವೇ ಬರೆದುಕೊಡಿ ಸಾರ್ ಎಂದಳು. ಅದು ಕೇಂದ್ರದ ಹಳೆಯ ವಾಡಿಕೆ. ನಿವೃತ್ತರಾಗುವವರು ತಮ್ಮ ಹೊಗಳಿಕೆಯನ್ನು ತಾವೇ ಬರೆದು ಒಪ್ಪಿಸುತ್ತಾರೆ, ನಿರ್ದೇಶಕರು ಅದನ್ನು ಗದ್ಗದಿತರಾಗಿ ಓದುತ್ತಾರೆ. ಭಾಷಣವೇ ಸಂಜೆ ಪತ್ರಿಕಾ ಪ್ರಕಟಣೆಯಾಗಿ, ನಿರ್ದೇಶಕರ ರುಜುವಿನೊಂದಿಗೆ ಹೊರಗೆ ಹೋಗುತ್ತದೆ.

ಪಂಚಾಕ್ಷರಯ್ಯನವರು ಅಂದು ಊಟಕ್ಕೆ ಏಳಲಿಲ್ಲ. ತಾನು ಪ್ರಾಮಾಣಿಕ, ಸಮಯಪಾಲಕ, ಮಿತಭಾಷಿ ಎಂದು ನಾಚಿಕೆಯಿಂದಲೇ ಮೂರು ಸಾಲು ಬರೆದರು. ನಾಲ್ಕನೆಯ ಸಾಲು ಹೀಗಿತ್ತು. "ಇವರು ನಿರ್ಮಿಸಿದ ಉಪಕರಣವು ಯಾವ ಹಾನಿಯೂ ಇಲ್ಲದೆ ಶಿಖರವನ್ನು ತಲುಪಿದ್ದು, ಇಂದು ಅದರ ಪೆಟ್ಟಿಗೆಯನ್ನು ತೆರೆಯಲಾಗುತ್ತಿದೆ ಎಂದು ತಿಳಿಸಲು ಹರ್ಷಿಸುತ್ತೇನೆ." ಪೆಟ್ಟಿಗೆಯೊಳಗೆ ಏನಾಗಿದೆಯೆಂದು ಅವರು ನೋಡಿರಲಿಲ್ಲ. ಪಟ್ಟಕ ನಿಜವಾಗಿ ಒಡೆದಿದ್ದರೆ, ಮೂವತ್ತನಾಲ್ಕು ವರ್ಷದ ನೌಕರಿಯ ಕೊನೆಯ ದಿನ ಸುಳ್ಳು ಬರೆದು, ಇನ್ನೊಬ್ಬರ ಬಾಯಲ್ಲಿ ಆಡಿಸಿದವರೆಂದು ಹೆಸರಾಗುತ್ತಿತ್ತು. ಅವರಿಗಿದ್ದ ಆಧಾರ ಮೂರೇ: ಮುನೀರ್‌ನ ಕೈ, ವಕಾರ್‌ನ ಕಣ್ಣು, ಕಮಲವ್ವನ ಫ್ರೀಜರು.

ಭವ್ಯ ಕಾಗದ ಓದಿದಳು. ನಾಲ್ಕನೆಯ ಸಾಲಿಗೆ ಬಂದಾಗ ನಿಂತಳು, ತಲೆಯೆತ್ತಿ ಪಂಚಾಕ್ಷರಯ್ಯನವರನ್ನು ನೋಡಿದಳು. ಡೈರೆಕ್ಟರ್ ಕನ್ನಡಕ ಮರೆತು ಬಂದರೂ ಓದಲು ಆಗುವಷ್ಟು ದಪ್ಪ ಅಕ್ಷರದಲ್ಲಿ ಟೈಪ್ ಮಾಡಿದಳು.

ಮೂವತ್ತೊಂದರ ಮಧ್ಯಾಹ್ನ ಮೂರೂವರೆಗೆ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಸಾಲಾಗಿ ಕಾಯುತ್ತಿದ್ದವು. ಕಮಲವ್ವ ಮೊದಲ ಸಾಲಿನಲ್ಲಿ ಇಳಕಲ್ ಸೀರೆಯುಟ್ಟು ಕೂತಿದ್ದರು. ನಿರ್ದೇಶಕರು ಓದಿದರು. ಪ್ರಾಮಾಣಿಕ ಎಂದಾಗ ಒಮ್ಮೆ ನಿಲ್ಲಿಸಿದರು, ಸಮಯಪಾಲಕ ಎಂದಾಗ ಗಡಿಯಾರ ನೋಡಿದರು. ನಾಲ್ಕನೆಯ ಸಾಲು ಬಂತು. ಹಾನಿಯೂ ಇಲ್ಲದೆ ಎನ್ನುವಾಗ ಅವರ ದನಿ ಏರಿತು, ಹರ್ಷಿಸುತ್ತೇನೆ ಎನ್ನುವಾಗ ನಿಜವಾಗಿಯೂ ಹರ್ಷಿಸಿದರು. ಸಭೆ ಚಪ್ಪಾಳೆ ತಟ್ಟಿತು. ಪೆಟ್ಟಿಗೆ ವಾಪಸು ತರಿಸಲು ರುಜು ಹಾಕಿದ ಒಂಬತ್ತು ಮಂದಿಯೂ ತಟ್ಟಿದರು. ತಮ್ಮ ಮಾತಿಗೆ ಬಿದ್ದ ಚಪ್ಪಾಳೆ ಕೇಳಿ ನಿರ್ದೇಶಕರೂ ಕಾಗದ ಕೆಳಗಿಟ್ಟು ಸೇರಿಕೊಂಡರು. ಈ ವೇದಿಕೆಯಿಂದ ತನ್ನ ಯಂತ್ರದ ಬಗ್ಗೆ ಹನ್ನೊಂದು ವರ್ಷದಲ್ಲಿ ಬಂದ ಮೊದಲ ಒಳ್ಳೆಯ ಮಾತು ಇದು, ಇದನ್ನೂ ತಾನೇ ಬರೆದುಕೊಡಬೇಕಾಯಿತಲ್ಲ ಎಂದುಕೊಂಡು ಪಂಚಾಕ್ಷರಯ್ಯನವರು, ತಲೆಗೆ ಪೇಟ ಇಡಿಸಿಕೊಳ್ಳುತ್ತಲೇ ಕಣ್ಣೊರೆಸಿಕೊಂಡರು. ನೋಡಿದವರು ಬೀಳ್ಕೊಡುಗೆಯ ದುಃಖವೆಂದುಕೊಂಡರು.

ಮೂರನೆಯ ಸಾಲಿನಲ್ಲಿ ಶ್ರೀನಿವಾಸ್ ಎದ್ದು ಹೊರಗೆ ಹೋದರು. ವಂದನಾರ್ಪಣೆ ಮುಗಿಯುವ ಹೊತ್ತಿಗೆ ಕಡತ ಎದೆಗವಚಿಕೊಂಡು ಓಡುತ್ತಲೇ ಬಂದರು. ನಿರ್ದೇಶಕರ ರುಜುವಿರುವ ಪ್ರಕಟಣೆಯ ಪ್ರತಿಯನ್ನು ಭವ್ಯಳಿಂದ ಪಡೆದು ಲಗತ್ತಿಸಿದ್ದರು. ನಿರ್ದೇಶಕರ ಸಾರ್ವಜನಿಕ ಹೇಳಿಕೆಯಂತೆ ಉಪಕರಣ ಸುರಕ್ಷಿತವಾಗಿರುವುದರಿಂದ ವಾಪಸಾತಿ ಆದೇಶವು ತಾನಾಗಿ ರದ್ದಾಗಿದ್ದು, ಪೆಟ್ಟಿಗೆ ತೆರೆಯಲು ಮುಖ್ಯ ಎಂಜಿನಿಯರರು ಅನುಮತಿ ನೀಡಬಹುದು. ಕೆಳಗೆ ರುಜುವಿಗೆ ಜಾಗ. ಗಂಟೆ ಐದಾಗಿತ್ತು, ಪಂಚಾಕ್ಷರಯ್ಯನವರ ಅಧಿಕಾರ ಐದೂವರೆಯವರೆಗೆ. ಪೇಟ ತೆಗೆಯದೆ, ಹಣ್ಣಿನ ಬುಟ್ಟಿಯ ಅಂಚಿನ ಮೇಲೆ ಕಡತ ಇಟ್ಟು ರುಜು ಹಾಕಿದರು. ಭವ್ಯ ಅದರ ಫೋಟೋ ತೆಗೆದು ಶಿಖರಕ್ಕೆ ಕಳಿಸಿದಳು.

ಕೇಂದ್ರದ ಕಾರು ಟಿನ್ ಫ್ಯಾಕ್ಟರಿ ಹತ್ತಿರ ಬಂದು ನಿಂತಿತು. ಅಲ್ಲಿ ನಿಲ್ಲದ ಕಾರು ಬೆಂಗಳೂರಿನಲ್ಲಿಲ್ಲ. ಪಂಚಾಕ್ಷರಯ್ಯನವರ ತೊಡೆಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಫೋನು. ಹತ್ತು ನಿಮಿಷವಾದರೂ ಕಾರೂ ಅಲ್ಲಾಡಲಿಲ್ಲ, ಫೋನೂ ಬಡಿದುಕೊಳ್ಳಲಿಲ್ಲ. ಒಡೆದಿರಬೇಕು ಎಂದು ಅವರಿಗೆ ಅನ್ನಿಸತೊಡಗಿತು. ಹನ್ನೊಂದು ವರ್ಷದ ಜೊತೆಗೆ ಮಾನವೂ ಹೋಯಿತು ಎಂದುಕೊಂಡರು. ಕಮಲವ್ವ ಸೆರಗಿನ ಚುಂಗು ಹಿಡಿದು ತಿರುಚುತ್ತಿದ್ದರು. ಆಗ ಫೋನು ಬಂತು.

"ತೆಗೆದ್ವಿ ಸರ್," ಎಂದಳು ಗೌತಮಿ, ಅವಳಿಗೆ ಏದುಸಿರು. "ಕನ್ನಡಿ ಮೂರೂ ಸರಿ ಇದೆ, ಪಟ್ಟಕಾನೂ ಸರಿ ಇದೆ. ಲೇಸರ್ ಬಿಟ್ಟು ನೋಡ್ದೆ. ಅಲ್ಲಿಂದ ಕಳಿಸೋವಾಗ ನೀವು ಪೆನ್ಸಿಲಲ್ಲಿ ಗುರುತು ಮಾಡಿದ್ರಲ್ಲ, ಬೆಳಕು ಕರೆಕ್ಟಾಗಿ ಅದ್ರ ಮೇಲೇ ಬಿತ್ತು. ಕೂದಲೆಳೆಯಷ್ಟೂ ಸರಿದಿಲ್ಲ ಸರ್."

ಪಂಚಾಕ್ಷರಯ್ಯನವರು ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ಬುಟ್ಟಿಯ ಮೇಲೆ ತಲೆಯಿಟ್ಟು ಅತ್ತರು. ಕಾರಿನ ಡ್ರೈವರು ಕನ್ನಡಿ ಸರಿಪಡಿಸುವ ನೆವದಲ್ಲಿ ಮುಖ ತಿರುಗಿಸಿಕೊಂಡ. ಸ್ವಲ್ಪ ಸಾವರಿಸಿಕೊಂಡ ಮೇಲೆ ಮುನೀರ್‌ಗೆ ಫೋನು ಮಾಡಿದರು. ಮುನೀರ್ ಅಲ್ಹಮ್ದುಲಿಲ್ಲಾ ಎಂದು ಉಸಿರುಬಿಟ್ಟು, ಮೊಟ್ಟೆ ವಕಾರ್‌ಗೆ ಕೊಟ್ಟರೋ ಇಲ್ಲವೋ ಎಂದು ಕೇಳಿದ. ಕೊಟ್ಟಿದ್ದರು. ಶಿಖರದ ಅಡುಗೆಮನೆಯಲ್ಲಿ ಮೂವತ್ತು ಜೈವಿಕ ಆಘಾತ ಸೂಚಕಗಳ ಆಮ್ಲೆಟ್ ಆಗುತ್ತಿದೆಯೆಂದು ಗೌತಮಿ ಆಗಲೇ ಹೇಳಿದ್ದಳು.

ಅಂಡ ಉಪಸಮಿತಿ ಮಾತ್ರ ಇನ್ನೂ ಜೀವಂತವಾಗಿತ್ತು. ಯಂತ್ರ ಸುರಕ್ಷಿತವಾಗಿದ್ದರೂ ಮೊಟ್ಟೆಗಳು ಏಕೆ ಒಡೆದವೆಂಬ ವಿಚಾರಣೆ ನಿಲ್ಲತಕ್ಕದ್ದಲ್ಲ, ತೊಂಬತ್ತು ದಿನ ಎಂದರೆ ತೊಂಬತ್ತು ದಿನ. ಮನೆಗೆ ಬಂದಾಗ ಫ್ರೀಜರಿನ ಮೇಲೆ ಕೇಂದ್ರದ ಮೊಹರು ಹಾಗೆಯೇ ಇತ್ತು. ಕಮಲವ್ವ ಹಣ್ಣಿನ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟರು, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು, ಮೊಹರಿನ ಕಾಗದವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದು ತೆಗೆದರು. ಶಿಕ್ಷಾರ್ಹ ಎಂದು ಪಂಚಾಕ್ಷರಯ್ಯನವರು ನೆನಪಿಸಿದರು. ರಿಟೈರ್ ಆದವರ ಹೆಂಡತಿಗೆ ಏನು ಶಿಕ್ಷೆ ಕೊಡುತ್ತಾರೋ ಕೊಡಲಿ ಎಂದರು ಕಮಲವ್ವ.

ಸ್ಟೀಲ್ ಡಬ್ಬಿ ತೆಗೆದು ಅದರೊಳಗೆ ಕೈಹಾಕಿದರು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಹೆಂಗಸು, ಸೀಳಿದ ಒಂದು ಮೊಟ್ಟೆಯನ್ನು ಬರಿಗೈಯಲ್ಲಿ ಎತ್ತಿ ದೀಪಕ್ಕೆ ಹಿಡಿದು ನೋಡಿದರು.

"ಇದರದೇನು ತಪ್ಪರಿ," ಎಂದರು. "ಥಂಡಿ ಹತ್ತಿತು, ಒಡೀತು. ಇಷ್ಟ ತಿಳಿಯಾಕ ಒಂಬತ್ತು ಮಂದಿ ಬೇಕಾತೇನ್ರಿ?"

ಪಂಚಾಕ್ಷರಯ್ಯನವರು ಇನ್ನೂ ಪೇಟ ತೆಗೆದಿರಲಿಲ್ಲ. ಹೆಂಡತಿಯ ಕೈಯಿಂದ ಮೊಟ್ಟೆ ಇಸಿದುಕೊಂಡು, ಡಬ್ಬಿಯಲ್ಲಿದ್ದ ಉಳಿದ ಐದರ ಜೊತೆಗೆ ಹಣ್ಣಿನ ಬುಟ್ಟಿಗೆ ಹಾಕಿದರು. ಕಮಲವ್ವ ಕೈ ತೊಳೆದು, ಬಟಾಣಿಯನ್ನು ಅದರ ಜಾಗಕ್ಕೆ ಇಟ್ಟು, ಫ್ರೀಜರಿನ ಬಾಗಿಲು ಮುಚ್ಚಿದರು.